ರೋಮ್‌ನಲ್ಲಿ 5 ರಾತ್ರಿ, ಕೈಗೆಟುಕುವ ಹೋಟೆಲ್: ರೇಟು ನೋಡುವ ಮೊದಲು ಲಿಫ್ಟ್ ನೋಡಿ

ಪ್ರಶ್ನೆ: ನಾವು ಹಾಸನದವರು. ನಾನು, ಹೆಂಡತಿ, 8 ವರ್ಷದ ಮಗಳು ಮತ್ತು ಅಮ್ಮ ಮೇ ತಿಂಗಳ ರಜೆಯಲ್ಲಿ ರೋಮ್‌ಗೆ ಹೋಗಿ 5 ರಾತ್ರಿ ಇರಬೇಕೆಂದಿದ್ದೇವೆ. ಅಮ್ಮನಿಗೆ 66 ವರ್ಷ, ಮಂಡಿ ನೋವಿದೆ. ವೀಸಾ ಇನ್ನೂ ಆಗಿಲ್ಲ. ರೂಮಿಗೆ ದಿನಕ್ಕೆ 120 ಯೂರೋ ದಾಟಬಾರದು. ಟರ್ಮಿನಿ ರೈಲ್ವೆ ಸ್ಟೇಷನ್ ಹತ್ತಿರ 3 ಸ್ಟಾರ್ ಹೋಟೆಲಿನಲ್ಲಿ ನಾಲ್ಕು ಜನರ ರೂಮು 105 ಯೂರೋಗೆ ಸಿಗುತ್ತಿದೆ, ಆದರೆ ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ. ಈಗಲೇ ಬುಕ್ ಮಾಡಲಾ? ಇಲ್ಲ ಊರ ಹೊರಗೆ ಇನ್ನೂ ಕಡಿಮೆಗೆ ಹುಡುಕಲಾ? ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು.

ಉತ್ತರ: ಬುಕ್ ಮಾಡಬೇಡಿ. ಊರ ಹೊರಗೂ ಹೋಗಬೇಡಿ. ಎರಡಕ್ಕೂ ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ನಾಲ್ಕು ಜನರ ಟಿಕೆಟ್ಟು, ವೀಸಾ ಎಲ್ಲ ಸೇರಿ ನೀವು ಹಾಕುತ್ತಿರುವುದು ಸಣ್ಣ ದುಡ್ಡಲ್ಲ, ಹಾಗಾಗಿ ಅರ್ಧಂಬರ್ಧ ಹೇಳಿ ಕಳಿಸಲು ಮನಸ್ಸಿಲ್ಲ.

ಮೊದಲು ಆ 105 ಯೂರೋ. ಅದು ನೀವು ಕೊಡುವ ದುಡ್ಡಲ್ಲ. ರೋಮ್ ನಗರಸಭೆ ತಂಗುವ ಪ್ರತಿಯೊಬ್ಬರಿಂದ ರಾತ್ರಿ ಲೆಕ್ಕದಲ್ಲಿ ಒಂದು ತೆರಿಗೆ ವಸೂಲಿ ಮಾಡುತ್ತದೆ. 2023ರ ಅಕ್ಟೋಬರ್‌ನಲ್ಲಿ ಏರಿಸಿದ ದರದ ಪ್ರಕಾರ 1 ಸ್ಟಾರ್ ಹೋಟೆಲಿಗೆ ತಲಾ 4 ಯೂರೋ, 2 ಸ್ಟಾರ್‌ಗೆ 5, 3 ಸ್ಟಾರ್‌ಗೆ 6, 4 ಸ್ಟಾರ್‌ಗೆ 7.50. ಹತ್ತು ವರ್ಷದೊಳಗಿನ ಮಕ್ಕಳಿಗೆ ಇದು ಇಲ್ಲ, ನಿಮ್ಮ ಮಗಳು ಬಚಾವ್. ಉಳಿದ ಮೂವರಿಗೆ 6 ಯೂರೋ ಹಾಗೆ 5 ರಾತ್ರಿಗೆ 90 ಯೂರೋ. ಬುಕಿಂಗ್ ಮಾಡುವಾಗ ಇದು ಎಷ್ಟೋ ಸಲ ಮೊತ್ತದಲ್ಲಿ ಸೇರಿರುವುದಿಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹೋಟೆಲಿನ ಕೌಂಟರಿನಲ್ಲಿ ಬೇರೆಯಾಗಿ ಕೊಡಬೇಕು. ಈಗ ಲೆಕ್ಕ ಹಾಕಿ: 525ಕ್ಕೆ 90 ಸೇರಿಸಿದರೆ 615. ದಿನಕ್ಕೆ 123 ಆಯಿತು. ನಿಮ್ಮ ಮಿತಿ ಅಲ್ಲೇ ದಾಟಿತು, ಇನ್ನೂ ತಿಂಡಿ ಸೇರಿಲ್ಲ. ಅದೇ ಒಳ್ಳೆಯ 2 ಸ್ಟಾರ್ ಹೋಟೆಲಾದರೆ ತೆರಿಗೆಯಲ್ಲೇ 15 ಯೂರೋ ಉಳಿಯುತ್ತದೆ. ಇಟಲಿಯಲ್ಲಿ ಸ್ಟಾರ್ ಅನ್ನುವುದು ಸೌಲಭ್ಯಗಳ ಪಟ್ಟಿ ನೋಡಿ ಕೊಡುವ ದರ್ಜೆ. ರಿಸೆಪ್ಷನ್ ಎಷ್ಟು ಹೊತ್ತು ತೆರೆದಿರುತ್ತದೆ, ರೂಮಿನಲ್ಲಿ ಏನೇನಿದೆ, ಇಂಥದ್ದು. ಹಾಸಿಗೆ ಶುಭ್ರವಾಗಿದೆಯಾ, ಯಜಮಾನರು ಒಳ್ಳೆಯವರಾ ಅನ್ನುವುದನ್ನು ಅದು ಹೇಳುವುದಿಲ್ಲ. ಮನೆಮಂದಿಯೇ ನಡೆಸುವ ಎಷ್ಟೋ 2 ಸ್ಟಾರ್ ಹೋಟೆಲುಗಳು ಸುಸ್ತಾದ 3 ಸ್ಟಾರ್‌ಗಿಂತ ನೂರು ಪಾಲು ವಾಸಿ.

ಇನ್ನು ವಾಪಸ್ ಬಾರದ ಬುಕಿಂಗ್ ವಿಷಯ. ವೀಸಾ ಕೈಗೆ ಬಂದಿಲ್ಲ ಅಂದಮೇಲೆ ಇದನ್ನು ಮುಟ್ಟಲೇಬಾರದು. ಇಟಲಿಗೆ ಬೇಕಾದ ಷೆಂಗೆನ್ ವೀಸಾದ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ನಿಮ್ಮ ನಾಲ್ವರಿಗೆ 315, ಅದರ ಮೇಲೆ ಅರ್ಜಿ ಕೇಂದ್ರದವರ ಸೇವಾ ಶುಲ್ಕ. ವೀಸಾ ಸಿಗದಿದ್ದರೆ ಇದು ಹೇಗೂ ಹೋದ ದುಡ್ಡು. ಅದರ ಜೊತೆ ಹೋಟೆಲಿನ 525 ಯೂರೋನೂ ಹೋಗಬೇಕಾ? ಒಬ್ಬರಿಗೆ ಮಾತ್ರ ಸಿಗದೇ ಹೋದರೂ ಇಡೀ ಪ್ರವಾಸ ನಿಂತುಬಿಡುತ್ತದೆ. ಅಮ್ಮನನ್ನು ಬಿಟ್ಟು ನೀವು ಹೋಗುವುದಿಲ್ಲ ಅಲ್ವಾ.

ಹೀಗೆ ಮಾಡಿ. ಉಚಿತವಾಗಿ ರದ್ದು ಮಾಡಬಹುದಾದ ರೂಮನ್ನು ನಾಲ್ವರ ಹೆಸರೂ ಹಾಕಿ ಬುಕ್ ಮಾಡಿ, ಅದೇ ಕಾಗದವನ್ನು ವೀಸಾ ಅರ್ಜಿಗೆ ಕೊಡಿ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಮೇ ತಿಂಗಳಿಗೆ ಹೋಗುವವರು ಜನವರಿ, ಫೆಬ್ರವರಿಯಲ್ಲೇ ಅಪಾಯಿಂಟ್‌ಮೆಂಟ್ ಹಿಡಿಯುವುದು ಒಳ್ಳೆಯದು, ಆಮೇಲೆ ಬೇಸಿಗೆ ರಜೆಯ ನೂಕುನುಗ್ಗಲು ಶುರುವಾಗುತ್ತದೆ. 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಬೇಕು. ಕೆಲವರು ಅರ್ಜಿ ಕೊಟ್ಟ ಮಾರನೇ ದಿನವೇ ಹೋಟೆಲ್ ರದ್ದು ಮಾಡಿಬಿಡುತ್ತಾರೆ. ಅದು ಬೇಡ, ವೀಸಾ ಕಚೇರಿಯವರು ಹೋಟೆಲಿಗೇ ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ವೀಸಾ ಬಂದ ದಿನ ಕೂತು ಅದೇ ಹೋಟೆಲ್, ಅದೇ ತಾರೀಖಿಗೆ ಈಗ ರೇಟು ಎಷ್ಟಿದೆ ನೋಡಿ. ಕಡಿಮೆಯಾಗಿದ್ದರೆ ಹೊಸದಾಗಿ ಮಾಡಿಕೊಂಡು ಹಳೆಯದನ್ನು ಬಿಡಿ. ಜಾಸ್ತಿಯಾಗಿದ್ದರೆ ಹಳೆಯದು ಕೈಯಲ್ಲೇ ಇದೆ.

ಮೇ ತಿಂಗಳ ಬಗ್ಗೆ ಒಂದು ಮಾತು. ನಮ್ಮ ಶಾಲೆಗಳಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳುಗಳೇ ರೋಮ್‌ನ ತುಂಬು ಸೀಸನ್. ಹವೆ ಚೆನ್ನಾಗಿರುತ್ತದೆ, ಜನ ಜಾಸ್ತಿ, ರೇಟೂ ಜಾಸ್ತಿ. ಏಪ್ರಿಲ್ 25 ಮತ್ತು ಮೇ 1 ಅಲ್ಲಿ ರಾಷ್ಟ್ರೀಯ ರಜೆ, ಇಟಲಿಯವರೇ ನಡುವಿನ ದಿನಗಳನ್ನೂ ಸೇರಿಸಿಕೊಂಡು ಊರೂರು ತಿರುಗುತ್ತಾರೆ. ಮೇ ಮೊದಲ ಎರಡು ವಾರಗಳ ಸುತ್ತ ದೊಡ್ಡ ಟೆನಿಸ್ ಟೂರ್ನಿ ಕೂಡ ರೋಮ್‌ನಲ್ಲೇ. ಜೂನ್ 2 ಮತ್ತೆ ರಜೆ. ದಸರಾ ರಜೆಗೆ ಮುಂದೂಡಿದರೆ ಹೇಗೆ ಅಂತ ಕೇಳಿದರೆ, ಅಕ್ಟೋಬರ್ ಕೂಡ ಅಷ್ಟೇ ದುಬಾರಿ. ನಿಜವಾಗಿ ಅಗ್ಗ ಅಂದರೆ ನವೆಂಬರ್, ಆಮೇಲೆ ಜನವರಿ ಎರಡನೇ ವಾರದಿಂದ ಫೆಬ್ರವರಿವರೆಗೆ. ಮಗಳ ಶಾಲೆ ಬಿಡಿಸುವ ಹಾಗಿಲ್ಲ ಅನ್ನುವುದಾದರೆ ಮೇ ತಿಂಗಳ ಮಧ್ಯ ದಾಟಿದ ಮೇಲೆ ಹೋಗಿ, ಮತ್ತು ಭಾನುವಾರ ಇಳಿದು ಶುಕ್ರವಾರ ಹೊರಡುವ ಹಾಗೆ ಇಟ್ಟುಕೊಳ್ಳಿ. ಯುರೋಪಿನ ಬೇರೆ ಊರುಗಳಿಂದ ವಾರಾಂತ್ಯಕ್ಕೆ ಹಾರಿ ಬರುವವರು ರೋಮ್‌ಗೆ ಬಹಳ, ಶುಕ್ರವಾರ ಮತ್ತು ಶನಿವಾರದ ರಾತ್ರಿಗಳು ಅದಕ್ಕೇ ಏರಿರುತ್ತವೆ. ನಿಮ್ಮ 5 ರಾತ್ರಿ ಆ ಎರಡನ್ನೂ ತಪ್ಪಿಸಿಕೊಂಡು ಸರಿಯಾಗಿ ಕೂರುತ್ತದೆ.

ಈಗ ಜಾಗ. ಎಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಇದನ್ನೇ.

ಟರ್ಮಿನಿ ಬಗ್ಗೆ ಜನ ಎರಡು ಥರ ಮಾತಾಡುತ್ತಾರೆ, ಕೆಲವರು ಅಲ್ಲೇ ಇರಿ ಅಂತ, ಕೆಲವರು ಆ ಕಡೆ ತಲೆ ಹಾಕಬೇಡಿ ಅಂತ. ಸ್ಟೇಷನ್ನಿನ ಎರಡು ಪಕ್ಕಗಳು ಬೇರೆ ಬೇರೆ ಥರ ಇರುವುದರಿಂದ ಹೀಗೆ. ವಿಯಾ ಮಾರ್ಸಾಲಾ ಇರುವ ಉತ್ತರದ ಕಡೆ, ಕಾಸ್ತ್ರೊ ಪ್ರೆತೋರಿಯೊ ದಿಕ್ಕಿಗೆ, ಸಣ್ಣ ಹೋಟೆಲುಗಳ ಸಾಲು ಸಾಲೇ ಇದೆ. ಹಗಲು ರಾತ್ರಿ ಜನ ಓಡಾಡುತ್ತಾರೆ, ಸಂಸಾರದವರು ಆರಾಮಾಗಿ ಇರಬಹುದು. ವಿಯಾ ಜೊಲಿತ್ತಿ ಇರುವ ಇನ್ನೊಂದು ಪಕ್ಕ ರಾತ್ರಿ ಹತ್ತರ ಮೇಲೆ ಅಷ್ಟು ಹಿತ ಅನಿಸುವುದಿಲ್ಲ. ದೊಡ್ಡ ಅಪಾಯ ಏನಿಲ್ಲ, ಆದರೆ ಜೇಬುಗಳ್ಳರು ಇದ್ದಾರೆ, ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಮ್ಮನ ಕೈ ಹಿಡಿದುಕೊಂಡು ನಡೆಯುವ ದಾರಿ ಅದಲ್ಲ. ಸ್ಟೇಷನ್ನಿಗೆ 300 ಮೀಟರ್ ಅಂತ ಹಾಕಿರುತ್ತಾರೆ, ಯಾವ ಪಕ್ಕಕ್ಕೆ ಅನ್ನುವುದನ್ನು ನಕ್ಷೆಯಲ್ಲಿ ನೀವೇ ನೋಡಿಕೊಳ್ಳಬೇಕು.

ತ್ರಾಸ್ತೆವೆರೆ ಬಡಾವಣೆ ಚೆಂದ, ಫೋಟೋ ನೋಡಿದವರೆಲ್ಲ ಅಲ್ಲೇ ಇರೋಣ ಅನ್ನುತ್ತಾರೆ. ಆದರೆ ಅಲ್ಲಿ ಮೆಟ್ರೋ ಇಲ್ಲ, ರಸ್ತೆ ತುಂಬಾ ಕಲ್ಲುಹಾಸು, ಮಧ್ಯರಾತ್ರಿ ದಾಟಿದರೂ ಗಲಾಟೆ ನಿಲ್ಲುವುದಿಲ್ಲ. ಮಂಡಿ ನೋವಿಗೆ ಆ ಕಲ್ಲುಗಳು ದೊಡ್ಡ ಶತ್ರು. ವ್ಯಾಟಿಕನ್ ಪಕ್ಕದ ಪ್ರಾತಿ ಬಡಾವಣೆ ಸಮತಟ್ಟು, ರಸ್ತೆಗಳು ಅಗಲ, ಒತ್ತಾವಿಯಾನೊ ಮತ್ತು ಲೆಪಾಂತೊ ಮೆಟ್ರೋ ಹತ್ತಿರ. ನಾಲ್ವರ ರೂಮು ಅಲ್ಲಿ ನಿಮ್ಮ ಬಜೆಟ್ಟಿಗೆ ಸಿಕ್ಕಿದರೆ ಕಣ್ಣು ಮುಚ್ಚಿ ಹಿಡಿಯಿರಿ, ಮೇ ತಿಂಗಳಲ್ಲಿ ಸಿಗುವುದು ಕಷ್ಟ.

ನಿಮಗೆ ನಾನು ಹೇಳುವುದು ಸಾನ್ ಜೊವಾನ್ನಿ. ಅಲ್ಲಿಂದ ಆಪಿಯಾ ನುವೊವಾ ರಸ್ತೆಯುದ್ದಕ್ಕೂ ರೆ ದಿ ರೋಮಾ, ಪೊಂತೆ ಲುಂಗೊವರೆಗೆ. ಇದು ಊರಿನವರು ವಾಸ ಮಾಡುವ ಜಾಗ. ಬಟ್ಟೆ ಅಂಗಡಿ, ಹಣ್ಣಿನ ಅಂಗಡಿ, ಸೂಪರ್‌ಮಾರ್ಕೆಟ್, ಸಂಜೆ ಬೆಂಚಿನ ಮೇಲೆ ಕೂತ ವಯಸ್ಸಾದವರು, ನಿಮ್ಮಮ್ಮನಿಗೆ ಇದು ಹಿಡಿಸುತ್ತದೆ. ರೆ ದಿ ರೋಮಾದಿಂದ ಎ ಲೈನ್ ಮೆಟ್ರೋದಲ್ಲಿ ಟರ್ಮಿನಿ ನಾಲ್ಕನೇ ಸ್ಟಾಪು, ಸ್ಪಾನಿಷ್ ಮೆಟ್ಟಿಲುಗಳ ಸ್ಪಾನ್ಯಾ ಏಳನೇದು, ವ್ಯಾಟಿಕನ್‌ಗೆ ಇಳಿಯುವ ಒತ್ತಾವಿಯಾನೊ ಹತ್ತನೇದು. ಒಂದೇ ಲೈನು, ಎಲ್ಲೂ ಬದಲಿಸಬೇಕಾಗಿಲ್ಲ. ಸಾನ್ ಜೊವಾನ್ನಿಯಲ್ಲಿ ಸಿ ಲೈನ್ ಕೂಡ ಇದೆ. ಅದನ್ನು 2025ರ ಡಿಸೆಂಬರ್‌ನಲ್ಲಿ ಕೊಲೋಸಿಯಂವರೆಗೆ ತಂದಿದ್ದಾರೆ, ಈಗ ಸಾನ್ ಜೊವಾನ್ನಿಯಿಂದ ಎರಡನೇ ಸ್ಟಾಪಿನಲ್ಲಿ ಇಳಿದರೆ ಕೊಲೋಸಿಯಂ. ಹೊಸ ಸ್ಟೇಷನ್ನುಗಳಾದ್ದರಿಂದ ಲಿಫ್ಟ್ ಇದೆ. ಎ ಲೈನಿನ ಹಳೆಯ ಸ್ಟೇಷನ್ನುಗಳಲ್ಲಿ ಹೀಗೆ ನಂಬಿಕೊಂಡು ಹೋಗುವ ಹಾಗಿಲ್ಲ, ಎಸ್ಕಲೇಟರ್ ರಿಪೇರಿಗೆ ನಿಂತಿರುವುದು ಅಪರೂಪವಲ್ಲ. ಅಮ್ಮನಿಗೆ ಮೆಟ್ರೋ ಬೇಡ ಅನಿಸಿದ ದಿನ 3ನೇ ನಂಬರಿನ ಟ್ರಾಮ್ ಹತ್ತಿಸಿ, ಸಾನ್ ಜೊವಾನ್ನಿಯಿಂದ ಕೊಲೋಸಿಯಂ ಪಕ್ಕದಲ್ಲೇ ಹಾಯುತ್ತದೆ. ಹಳಿ ರಿಪೇರಿ ಇದ್ದರೆ ಅದೇ ನಂಬರಿನಲ್ಲಿ ಬಸ್ ಓಡುತ್ತದೆ. ಟಿಕೆಟ್ 1.50 ಯೂರೋ, 100 ನಿಮಿಷ ನಡೆಯುತ್ತದೆ, ಅಷ್ಟರೊಳಗೆ ಬಸ್ಸು, ಟ್ರಾಮು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಮೆಟ್ರೋ ಒಳಗೆ ಮಾತ್ರ ಒಂದೇ ಸಲ. 10 ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆ ಪುಕ್ಕಟೆ. ಬಸ್ಸಿನಲ್ಲಿ ಕಾಗದದ ಟಿಕೆಟ್ಟನ್ನು ಹತ್ತಿದ ತಕ್ಷಣ ಯಂತ್ರದಲ್ಲಿ ಒತ್ತಿಸಿಕೊಳ್ಳಿ, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ಊರ ಹೊರಗೆ ಬೇಡ ಅಂದದ್ದಕ್ಕೂ ಇದೇ ಕಾರಣ. ರಿಂಗ್ ರೋಡಿನಾಚೆ ರೂಮು 30 ಯೂರೋ ಕಡಿಮೆಗೆ ಸಿಗಬಹುದು. ಆದರೆ ಮಧ್ಯಾಹ್ನ ಅಮ್ಮನಿಗೆ ಸುಸ್ತಾಯಿತು, ಎರಡು ಗಂಟೆ ಮಲಗಿ ಬರುತ್ತೇನೆ ಅಂದರೆ ವಾಪಸ್ ಹೋಗಿ ಬರುವ ಹಾಗೇ ಇರುವುದಿಲ್ಲ. ಮಗು, ವಯಸ್ಸಾದವರು ಇರುವ ಮನೆಯವರಿಗೆ ಈ ಮಧ್ಯಾಹ್ನದ ವಿಶ್ರಾಂತಿಯೇ ಪ್ರವಾಸವನ್ನು ಕಾಪಾಡುವುದು. ಅದಿಲ್ಲದಿದ್ದರೆ ಮೂರನೇ ದಿನಕ್ಕೆ ಎಲ್ಲರ ಮುಖ ಬಾಡಿರುತ್ತದೆ. ಇನ್ನೊಂದು ವಿಷಯ, ರೋಮ್‌ನಲ್ಲಿ ಸಾರಿಗೆ ಮುಷ್ಕರ ಆಗಾಗ ಆಗುತ್ತದೆ, ಹೆಚ್ಚಾಗಿ ಶುಕ್ರವಾರ. ಆ ದಿನವೂ ಬೆಳಿಗ್ಗೆ 8:30ರವರೆಗೆ ಮತ್ತು ಸಂಜೆ 5ರಿಂದ 8ರವರೆಗೆ ಬಸ್ಸು, ಮೆಟ್ರೋ ಓಡಿಸಲೇಬೇಕೆಂಬ ನಿಯಮವಿದೆ. ಸಾನ್ ಜೊವಾನ್ನಿಯಿಂದ ಕೊಲೋಸಿಯಂಗೆ ನಡೆದರೂ ಇಪ್ಪತ್ತು, ಇಪ್ಪತ್ತೈದು ನಿಮಿಷ. ಊರ ಹೊರಗೆ ಇದ್ದವರು ಆ ದಿನ ರೂಮಿನಲ್ಲೇ.

ಏರ್‌ಪೋರ್ಟಿನಿಂದ ಬರುವ ಖರ್ಚನ್ನೂ ರೂಮಿನ ಲೆಕ್ಕಕ್ಕೇ ಸೇರಿಸಿ ನೋಡಿ. ಫ್ಯುಮಿಚಿನೊ ಏರ್‌ಪೋರ್ಟಿನಿಂದ ಟರ್ಮಿನಿಗೆ ಹೋಗುವ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲಿನಲ್ಲಿ 32 ನಿಮಿಷದ ದಾರಿ, ತಲಾ 14 ಯೂರೋ. ನಿಮ್ಮ ಮೂವರಿಗೆ 42, ಮಗಳಿಗೆ ಬಿಟ್ಟಿ. ಟರ್ಮಿನಿಯಲ್ಲಿ ಇಳಿದು ಮತ್ತೆ ಮೆಟ್ರೋಗೆ ಸೂಟ್‌ಕೇಸ್ ಎಳೆಯಬೇಕು. ಅದೇ ಏರ್‌ಪೋರ್ಟಿನಿಂದ ಎಫ್ಎಲ್1 ಅನ್ನುವ ಸಾದಾ ಲೋಕಲ್ ರೈಲಿದೆ, ತಲಾ 8 ಯೂರೋ. ಇದು ಟರ್ಮಿನಿಗೆ ಹೋಗುವುದಿಲ್ಲ, ಹಾಗಾಗಿ ಪ್ರವಾಸಿಗರು ಇದರ ಕಡೆ ನೋಡುವುದೇ ಇಲ್ಲ. ಆದರೆ ಇದು ತುಸ್ಕೊಲಾನಾ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಪೊಂತೆ ಲುಂಗೊ ನಡೆಯುವಷ್ಟು ಹತ್ತಿರ. ನಾನು ಹೇಳಿದ ಬಡಾವಣೆಗೆ ಸೀದಾ ಬಂದು ಇಳಿಸುವ ರೈಲು ಇದು. ಟ್ಯಾಕ್ಸಿ ಬೇಕಾದರೆ, ಏರ್‌ಪೋರ್ಟಿನಿಂದ ಹಳೆಯ ಔರೇಲಿಯನ್ ಕೋಟೆಗೋಡೆಯ ಒಳಗಿನ ಯಾವುದೇ ವಿಳಾಸಕ್ಕೆ ಲಗೇಜೂ ಸೇರಿ 55 ಯೂರೋ ಅಂತ ನಗರಸಭೆಯೇ ದರ ಕಟ್ಟಿದೆ. ಅದು ಇಡೀ ಗಾಡಿಗೆ, ತಲೆ ಲೆಕ್ಕದಲ್ಲಿ ಅಲ್ಲ. ನಾಲ್ವರೂ ದೊಡ್ಡವರಾಗಿದ್ದರೆ ಎಕ್ಸ್‌ಪ್ರೆಸ್ ರೈಲಿಗೆ ಕೊಡುವ 56ಕ್ಕಿಂತ ಬಾಗಿಲಿಗೇ ಬಿಡುವ ಟ್ಯಾಕ್ಸಿಯೇ ಅಗ್ಗ ಆಗುತ್ತಿತ್ತು. ನಿಮಗೆ 13 ಯೂರೋ ಜಾಸ್ತಿ, ಆದರೂ ರಾತ್ರಿ ಇಳಿಯುವುದಾದರೆ ಅಮ್ಮನ ಸಲುವಾಗಿ ಕೊಡಿ. ಗೋಡೆ ಇರುವುದು ಸಾನ್ ಜೊವಾನ್ನಿ ಕೋಟೆಬಾಗಿಲಿನ ಹತ್ತಿರ. ರೆ ದಿ ರೋಮಾ ಅದರ ಹೊರಗೆ ಬರುತ್ತದೆ, ಅಲ್ಲಿಗೆ ಈ 55ರ ದರ ಅನ್ವಯಿಸುವುದಿಲ್ಲ, ಎಷ್ಟಾಗುತ್ತದೆ ಅಂತ ಕೇಳಿಯೇ ಹತ್ತಿ.

ಈಗ ತಲೆಬರಹದಲ್ಲಿ ಹೇಳಿದ ಲಿಫ್ಟ್. ರೋಮ್‌ನ ಕಡಿಮೆ ದರದ ಹೋಟೆಲುಗಳು ಬಹಳಷ್ಟು ಪೂರ್ತಿ ಕಟ್ಟಡವೇ ಆಗಿರುವುದಿಲ್ಲ. ಹಳೆಯ ಐದು, ಆರು ಅಂತಸ್ತಿನ ವಸತಿ ಕಟ್ಟಡದಲ್ಲಿ ಒಂದು ಮಹಡಿ ಹೋಟೆಲು, ಉಳಿದದ್ದೆಲ್ಲ ಜನರ ಮನೆ, ವಕೀಲರ ಆಫೀಸು, ಹಲ್ಲಿನ ಡಾಕ್ಟರು. ಹೊರಗೆ ದೊಡ್ಡ ಬೋರ್ಡು ಇರುವುದಿಲ್ಲ. ಬಾಗಿಲ ಪಕ್ಕ ಹಿತ್ತಾಳೆಯ ಬೆಲ್ ಫಲಕದಲ್ಲಿ ಇಪ್ಪತ್ತು ಹೆಸರುಗಳ ನಡುವೆ ಹೋಟೆಲಿನ ಹೆಸರೂ ಒಂದು. ಗುಂಡಿ ಒತ್ತಿದರೆ ಮೇಲಿನಿಂದ ಯಾರೋ ಮಾತಾಡುತ್ತಾರೆ, ದೊಡ್ಡ ಮರದ ಬಾಗಿಲು ಟಕ್ ಅಂತ ತೆಗೆದುಕೊಳ್ಳುತ್ತದೆ. ಒಳಗೆ ಹೋದರೆ ಮೊದಲು ಏಳೆಂಟು ಅಮೃತಶಿಲೆ ಮೆಟ್ಟಿಲು, ಅದು ಹತ್ತಿದ ಮೇಲೆ ಲಿಫ್ಟ್. ಮೆಟ್ಟಿಲ ಸುರುಳಿಯ ನಡುವಿನ ಸಂದಿಯಲ್ಲಿ ಆಮೇಲೆ ಕೂರಿಸಿದ ಕಬ್ಬಿಣದ ಪಂಜರ ಅದು. ಹೊರಗಿನ ಜಾಲರಿ ಬಾಗಿಲನ್ನು ಕೈಯಲ್ಲಿ ಎಳೆಯಬೇಕು, ಒಳಗಿನ ಎರಡು ಮರದ ಪುಟ್ಟ ಬಾಗಿಲುಗಳನ್ನೂ ಸರಿಯಾಗಿ ಮುಚ್ಚಬೇಕು, ಒಂದು ಕೂದಲೆಳೆ ಸಂದಿ ಉಳಿದರೂ ಅದು ಅಲ್ಲಾಡುವುದಿಲ್ಲ. ಇಬ್ಬರು ನಿಂತರೆ ಭರ್ತಿ, ಸೂಟ್‌ಕೇಸ್ ಬೇರೆ ಟ್ರಿಪ್ಪು. ಮೇಲೆ ಇಳಿದವರು ಬಾಗಿಲು ಮುಚ್ಚದೆ ಹೋದರೆ ಕೆಳಗಿದ್ದವರಿಗೆ ಲಿಫ್ಟ್ ಬರುವುದೇ ಇಲ್ಲ.

ಇಷ್ಟಾದರೂ ಇದ್ದರೆ ಸಾಕು, ನಿಮ್ಮಮ್ಮನಿಗೆ ನಡೆಯುತ್ತದೆ. ಇಲ್ಲದ ಕಟ್ಟಡಗಳೂ ಬೇಕಾದಷ್ಟಿವೆ. ಈ ಕಟ್ಟಡಗಳಲ್ಲಿ ಮಹಡಿ ಎತ್ತರ ನಮ್ಮ ಈಗಿನ ಅಪಾರ್ಟ್‌ಮೆಂಟುಗಳಿಗಿಂತ ಜಾಸ್ತಿ, ಮೂರನೇ ಮಹಡಿ ಅಂದರೆ ಎಂಬತ್ತರ ಹತ್ತಿರ ಮೆಟ್ಟಿಲು ಅಂತ ಅಂದಾಜು ಇಟ್ಟುಕೊಳ್ಳಿ. ಹಾಗಾಗಿ ಬುಕ್ ಮಾಡುವ ಮುಂಚೆ ಹೋಟೆಲಿಗೆ ಒಂದು ಮೇಲ್ ಹಾಕಿ, ಇಂಗ್ಲಿಷಿನಲ್ಲಿ ಸಾಕು. ರಸ್ತೆಯಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು, ಲಿಫ್ಟ್ ನಮ್ಮ ಮಹಡಿವರೆಗೂ ಬರುತ್ತದಾ, ಸ್ನಾನದ ಜಾಗಕ್ಕೆ ಟಬ್ ಹತ್ತಿ ಇಳಿಯಬೇಕಾ ಅಥವಾ ನೆಲಮಟ್ಟದ ಷವರ್ ಇದೆಯಾ, ನಾವು ಇಷ್ಟು ಗಂಟೆಗೆ ಬರುತ್ತೇವೆ, ಆಗ ಯಾರಾದರೂ ಇರುತ್ತೀರಾ. ಈ ಕೊನೆಯದು ಮುಖ್ಯ, ಸಣ್ಣ ಹೋಟೆಲುಗಳಲ್ಲಿ ರಾತ್ರಿ ರಿಸೆಪ್ಷನ್ ಇರುವುದಿಲ್ಲ, ತಡವಾಗಿ ಬಂದರೆ ಬೇರೆ ಚಾರ್ಜು ಕೇಳುತ್ತಾರೆ. ಮೇಲ್‌ಗೆ ಎರಡು ದಿನದಲ್ಲಿ ನೇರ ಉತ್ತರ ಕೊಡದ ಹೋಟೆಲನ್ನು ಬಿಟ್ಟುಬಿಡಿ. ಉತ್ತರ ಕೊಟ್ಟವರನ್ನು, ನೇರವಾಗಿ ನಿಮ್ಮಲ್ಲೇ ಬುಕ್ ಮಾಡಿದರೆ ತಿಂಡಿ ಸೇರಿಸಿ ಕೊಡುತ್ತೀರಾ ಅಂತಲೂ ಕೇಳಿ ನೋಡಿ. ಎಷ್ಟೋ ಸಲ ಒಪ್ಪುತ್ತಾರೆ, ಬುಕಿಂಗ್ ಆಪ್‌ಗೆ ಕೊಡುವ ಕಮಿಷನ್ ಅವರಿಗೂ ಉಳಿಯುತ್ತದಲ್ಲ.

ರೂಮಿನ ವಿವರದಲ್ಲಿ ಕೆಲವು ಇಟಾಲಿಯನ್ ಪದಗಳು ಬರುತ್ತವೆ, ತಿಳಿದಿರಲಿ. ಮಾತ್ರಿಮೊನಿಯಾಲೆ ಅಂದರೆ ಒಂದೇ ದೊಡ್ಡ ಹಾಸಿಗೆ, ದೊಪ್ಪಿಯಾ ಅಂದರೆ ಎರಡು ಬೇರೆ ಹಾಸಿಗೆ, ಕ್ವಾದ್ರುಪ್ಲಾ ನಾಲ್ವರದ್ದು. ನಾಲ್ವರದ್ದರಲ್ಲಿ ಒಂದು ಹಾಸಿಗೆ ಬಂಕ್ ಆಗಿರಬಹುದು, ಸೋಫಾ ಬಿಚ್ಚಿ ಹಾಕುವಂಥದ್ದೂ ಇರಬಹುದು, ಅಮ್ಮನಿಗೆ ಯಾವುದು ಅಂತ ಫೋಟೋದಲ್ಲಿ ನೋಡಿ. ಬಾನ್ಯೊ ಎಸ್ತೆರ್ನೊ ಅಂತಿದ್ದರೆ ಬಾತ್‌ರೂಮ್ ನಿಮ್ಮದೇ, ಆದರೆ ರೂಮಿನ ಹೊರಗೆ ಕಾರಿಡಾರಿನಲ್ಲಿ. ಇನ್ ಕೊಮೂನೆ ಅಂದರೆ ಬೇರೆಯವರ ಜೊತೆ ಹಂಚಿಕೊಳ್ಳುವುದು, ಅದು ನಿಮಗೆ ಬೇಡ. ಬಾತ್‌ರೂಮಿನಲ್ಲಿ ನಮ್ಮವರಿಗೆ ಒಂದು ಸಮಾಧಾನವೂ ಇದೆ. ಯುರೋಪಿನ ಬೇರೆ ಎಷ್ಟೋ ಕಡೆ ಬರೀ ಕಾಗದ, ಇಟಲಿಯಲ್ಲಿ ಹಾಗಲ್ಲ. ಮನೆಯಲ್ಲಿ ಕನಿಷ್ಠ ಒಂದು ಬಾತ್‌ರೂಮಿನಲ್ಲಾದರೂ ಬಿಡೆ ಇರಲೇಬೇಕು ಅಂತ 1975ರಲ್ಲಿ ಸರ್ಕಾರ ಆದೇಶವನ್ನೇ ಮಾಡಿದೆ, ಹೋಟೆಲುಗಳಲ್ಲೂ ಸಾಮಾನ್ಯವಾಗಿ ಕಮೋಡ್ ಪಕ್ಕ ನಲ್ಲಿ ಇರುವ ಆ ಇನ್ನೊಂದು ಪುಟ್ಟ ಬೇಸಿನ್ ಇರುತ್ತದೆ.

ಚರ್ಚಿನ ಸಂಸ್ಥೆಗಳು ನಡೆಸುವ ಅತಿಥಿಗೃಹಗಳನ್ನೂ ನೋಡಿ, ಅವಕ್ಕೆ ಕಾಸಾ ಪೆರ್ ಫೆರಿಯೆ ಅನ್ನುತ್ತಾರೆ. ಸನ್ಯಾಸಿನಿಯರ ಮಠಗಳೇ ಎಷ್ಟೋ, ಸಾನ್ ಜೊವಾನ್ನಿ ಸುತ್ತ ಮತ್ತು ವ್ಯಾಟಿಕನ್ ಹತ್ತಿರ ಸಾಕಷ್ಟಿವೆ. ಯಾವ ಧರ್ಮದವರಾದರೂ ಇರಬಹುದು. ರೂಮು ಸರಳ, ಶುಭ್ರ, ಸದ್ದಿಲ್ಲ, ಟಿವಿ ಇರಲಿಕ್ಕಿಲ್ಲ. ಬಹಳ ಕಡೆ ರಾತ್ರಿ ಹತ್ತೂವರೆ, ಹನ್ನೊಂದಕ್ಕೆ ಬಾಗಿಲು ಹಾಕುತ್ತಾರೆ. ಮಗು, ಅಮ್ಮನ ಜೊತೆ ನೀವು ಅಷ್ಟು ಹೊತ್ತಿಗೆ ಹೇಗೂ ಮಲಗಿರುತ್ತೀರಿ. ನಿಮ್ಮ ಥರದ ಮನೆಯವರಿಗೆ ಇದು ನಿಜಕ್ಕೂ ಹೊಂದುತ್ತದೆ, ಇದರ ಬಗ್ಗೆ ನಮ್ಮ ಜನರಿಗೆ ಗೊತ್ತಿಲ್ಲ ಅನ್ನುವುದೇ ನನಗೆ ಬೇಜಾರು.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳೋಣ, ಅನ್ನ ಸಾರು ಮಾಡಿಕೊಳ್ಳೋಣ ಅಂತ ಮನೆಯಲ್ಲಿ ಮಾತು ಬಂದೇ ಬಂದಿರುತ್ತದೆ. ಒಳ್ಳೆಯ ಯೋಚನೆಯೇ. ಆದರೆ ಬಾಡಿಗೆಯ ಮೇಲೆ ಕ್ಲೀನಿಂಗ್ ಚಾರ್ಜು ಬೇರೆ ಹಾಕುತ್ತಾರೆ, 5 ರಾತ್ರಿಗೆ ಹಂಚಿ ನೋಡಿ. 2025ರ ಜನವರಿಯಿಂದ ಇಂಥ ಮನೆಗಳ ಜಾಹೀರಾತಿನಲ್ಲಿ ಸರ್ಕಾರ ಕೊಟ್ಟ ಗುರುತಿನ ನಂಬರ್ ಹಾಕುವುದು ಕಡ್ಡಾಯ. ಐ, ಟಿ ಅನ್ನುವ ಎರಡು ಅಕ್ಷರ ಆದಮೇಲೆ ರೋಮ್ ನಗರದ್ದಾದರೆ 058091 ಅಂತ ಬರುತ್ತದೆ. ಅದು ಕಾಣದಿದ್ದರೆ ಆ ಮನೆ ಬೇಡ. ಇನ್ನೊಂದು, ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಇರುವುದು 3 ಕಿಲೋವ್ಯಾಟ್ ಕರೆಂಟ್ ಅಷ್ಟೇ. ಎಸಿ, ಕೆಟಲ್, ರೈಸ್ ಕುಕ್ಕರ್ ಮೂರನ್ನೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ, ಮೀಟರ್ ಕೆಳಗೆ ಸೆಲ್ಲರಿನಲ್ಲಿದ್ದರೆ ರಾತ್ರಿ ಅದನ್ನು ಹುಡುಕುವುದು ರಗಳೆ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ಎರಡು ದುಂಡು ಪಿನ್ನಿನ ಮೊಬೈಲ್ ಚಾರ್ಜರ್ ಹಾಗೇ ನಡೆಯುತ್ತದೆ, ವೋಲ್ಟೇಜೂ ನಮ್ಮದೇ 230. ಹೋಟೆಲ್ ರೂಮಿನಲ್ಲಂತೂ ಕುಕ್ಕರ್ ಹಚ್ಚಬೇಡಿ, ಒಪ್ಪುವುದಿಲ್ಲ. ರೂಮಿನಲ್ಲಿ ಕೆಟಲ್ ಕೂಡ ಇಲ್ಲದಿರುವುದೇ ಹೆಚ್ಚು, ಬಿಸಿನೀರು ಕೇಳಿದರೆ ತಿಂಡಿ ಕೊಡುವವರು ಕೊಡುತ್ತಾರೆ. ಅವಲಕ್ಕಿ, ಚಟ್ನಿಪುಡಿ ಇದ್ದರೆ ಅಷ್ಟಕ್ಕೇ ಒಂದು ಹೊತ್ತು ಕಳೆಯಿತು.

ಮೊಟ್ಟೆಯೂ ಬೇಡ ಅನ್ನುವವರಿಗೆ ಹೊರಗಿನ ಊಟ ಹೀಗೆ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಅಲ್ಲೇ ಲಟ್ಟಿಸಿ ಮಾಡಿದ ತಾಜಾ ಪಾಸ್ತಾದಲ್ಲಿ ಹೆಚ್ಚಾಗಿ ಇರುತ್ತದೆ. ಪೆನ್ನೆ ಅರಬಿಯಾತಾ ಖಾರ, ಬೆಳ್ಳುಳ್ಳಿ, ಟೊಮೆಟೊ, ನಮ್ಮ ನಾಲಿಗೆಗೆ ಸರಿ. ಕಾರ್ಬೊನಾರಾ, ಅಮಾತ್ರಿಚಾನಾ ಎರಡರಲ್ಲೂ ಹಂದಿ ಮಾಂಸ. ಸುಪ್ಲಿ ಅಂತ ಅನ್ನದ ಬೋಂಡ ಥರ ಇರುತ್ತದೆ, ನೋಡಿ ಆಸೆಯಾಗುತ್ತದೆ, ಒಳಗೆ ಮಾಂಸದ ಸಾರು ಹಾಕಿರುವುದೇ ರೂಢಿ, ಕೇಳದೆ ತಿನ್ನಬೇಡಿ. ಪೆಕೊರಿನೊ ಚೀಸನ್ನು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ, ಅಮ್ಮ ಕಟ್ಟುನಿಟ್ಟಾದರೆ ಅದು ಬೇಡ. ಮಾರಿನಾರಾ ಪಿಜ್ಜಾದಲ್ಲಿ ಚೀಸೇ ಇಲ್ಲ, ಬರೀ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ. ತುಂಡು ಲೆಕ್ಕದಲ್ಲಿ ತೂಕ ಹಾಕಿ ಕೊಡುವ ಅಂಗಡಿಗಳಲ್ಲಿ ಆಲೂಗಡ್ಡೆ ಪಿಜ್ಜಾ ಸಿಗುತ್ತದೆ, ಮಗಳಿಗೆ ಇಷ್ಟವಾಗುತ್ತದೆ. ಬೇಳೆ, ಅಕ್ಕಿ, ಮಸಾಲೆ ಬೇಕಾದರೆ ವಿತ್ತೋರಿಯೊ ಎಮಾನುಎಲೆ ಸ್ಟಾಪಿನಲ್ಲಿ ಇಳಿಯಿರಿ, ಎಸ್ಕ್ವಿಲಿನೊ ಮಾರ್ಕೆಟ್ಟೂ ಸುತ್ತಲಿನ ಅಂಗಡಿಗಳೂ ಬಾಂಗ್ಲಾದೇಶದವರದ್ದು, ನಮ್ಮವರದ್ದು. ರೆ ದಿ ರೋಮಾದಿಂದ ಮೂರನೇ ಸ್ಟಾಪು. ಹೋಟೆಲ್ ತಿಂಡಿಗೆ ತಲಾ 10 ಯೂರೋ ಕೇಳಿದರೆ ಬಿಡಿ. ಅಲ್ಲಿನ ಕ್ರೋಸಾಂಟ್ ಥರದ ಕಾರ್ನೆತ್ತೊದಲ್ಲೂ ಮೊಟ್ಟೆ ಇರುವುದರಿಂದ ನಿಮಗೆ ಸಿಗುವುದು ಬ್ರೆಡ್, ಜಾಮ್, ಹಣ್ಣು. ಅದನ್ನು ಸೂಪರ್‌ಮಾರ್ಕೆಟ್ಟಿನಿಂದ ನೀವೇ ತಂದುಕೊಳ್ಳಿ, ಕಾಫಿಯನ್ನು ಕೆಳಗಿನ ಬಾರಿನಲ್ಲಿ (ಅಲ್ಲಿ ಕಾಫಿ ಅಂಗಡಿಗೇ ಬಾರ್ ಅನ್ನುತ್ತಾರೆ) ಕೌಂಟರಿಗೆ ನಿಂತು ಕುಡಿಯಿರಿ. ಕೂತರೆ ರೇಟು ಜಾಸ್ತಿ. ನೀರಿಗೆ ದುಡ್ಡು ಕೊಡಬೇಡಿ, ಬೀದಿಬೀದಿಯಲ್ಲಿ ನಸೋನಿ ಅನ್ನುವ ಕಬ್ಬಿಣದ ನಲ್ಲಿ ಕಂಬಗಳು ಹರಿಯುತ್ತಲೇ ಇರುತ್ತವೆ, ತಣ್ಣನೆಯ ಒಳ್ಳೆಯ ಕುಡಿಯುವ ನೀರು.

ಹೋಟೆಲಿಗೆ ಹೋದಮೇಲೆ ನಾಲ್ಕೂ ಪಾಸ್‌ಪೋರ್ಟ್ ಕೇಳುತ್ತಾರೆ, ಗಾಬರಿ ಬೇಡ. ತಂಗುವವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕಳಿಸುವುದು ಅಲ್ಲಿನ ಕಾನೂನು. ಸ್ಕ್ಯಾನ್ ಮಾಡಿಕೊಂಡು ತಕ್ಷಣ ವಾಪಸ್ ಕೊಡಲಿ ಅಂತ ಕೇಳಿ. ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯಲ್ಲೋ ಯೂರೋದಲ್ಲೋ ಅಂತ ಕೇಳಿದರೆ ಯೂರೋ ಅನ್ನಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹಾಕಿದ್ದೇ ಆಗುತ್ತದೆ, ಅದು ಯಾವಾಗಲೂ ನಮಗೆ ನಷ್ಟ. ನಗರ ತೆರಿಗೆಗೆ ಸ್ವಲ್ಪ ನಗದು ಇಟ್ಟುಕೊಳ್ಳಿ, ರಸೀದಿ ತೆಗೆದುಕೊಳ್ಳಿ.

ಅಂತೂ ಸಾನ್ ಜೊವಾನ್ನಿ, ರೆ ದಿ ರೋಮಾ ಕಡೆ ಲಿಫ್ಟ್ ಇರುವ 2 ಸ್ಟಾರ್ ಹೋಟೆಲು ಅಥವಾ ಮಠದ ಅತಿಥಿಗೃಹ, ರದ್ದು ಮಾಡಬಹುದಾದ ದರದಲ್ಲಿ, ಭಾನುವಾರದಿಂದ ಶುಕ್ರವಾರಕ್ಕೆ ಹುಡುಕಿ. ನಾಲ್ವರ ರೂಮು ತೆರಿಗೆ ಬಿಟ್ಟು 105ರೊಳಗೆ ಬಂದರೆ ನಿಮ್ಮ 120ರಲ್ಲಿ ಆಗುತ್ತದೆ, ಯಾಕಂದರೆ 2 ಸ್ಟಾರ್‌ನಲ್ಲಿ ಮೂವರ ತೆರಿಗೆ ದಿನಕ್ಕೆ 15. ಮೇ ಕೊನೆಯಲ್ಲೂ ಸಿಗದಿದ್ದರೆ 5 ರಾತ್ರಿಯನ್ನು 4 ಮಾಡಿ, ಜಾಗವನ್ನು ಮಾತ್ರ ಬದಲಿಸಬೇಡಿ. ಎರಡು ಮೂರು ಹೋಟೆಲ್ ಆರಿಸಿದ ಮೇಲೆ ಅವರಿಂದ ಬಂದ ಉತ್ತರದ ಸಮೇತ ಬರೆಯಿರಿ, ನಕ್ಷೆಯಲ್ಲಿ ನೋಡಿ ಯಾವುದು ಅಂತ ಹೇಳುತ್ತೇನೆ.